ಹಳೆಯ ಪತ್ರಿಕೆಗಳನ್ನು ಉಳಿಸಲು ನಿಧಿ ಏಕೆ ಬೇಕು?

ಕಳೆದ ಮಳೆಗಾಲದಲ್ಲಿ ನಮ್ಮ ವಾಚನಾಲಯದ ಮಾಡು ಸೋರಿತು. ಅಟ್ಟದ ಮೇಲೆ ಗೋಣಿತಾಟಿನಲ್ಲಿ ಸುತ್ತಿಟ್ಟಿದ್ದ ಹಳೆಯ ಪತ್ರಿಕೆಗಳ ಕಟ್ಟುಗಳಲ್ಲಿ ಎರಡು ಪೂರ್ತಿಯಾಗಿ ನೆನೆದುಹೋದುವು. ಉಳಿದವನ್ನು ಕೆಳಗಿಳಿಸಿ ಫ್ಯಾನಿನ ಗಾಳಿಗೆ ಹರಡಿದ ದಿನ ಕಾರ್ಯಕಾರಿ ಸಮಿತಿಯಲ್ಲಿ ಎರಡು ಮಾತು ಹುಟ್ಟಿದುವು. ಎಲ್ಲವನ್ನೂ ರದ್ದಿಯವನಿಗೆ ಕೊಟ್ಟರೆ ಜಾಗ ತೆರವಾದೀತು, ಬಂದ ಹಣದಲ್ಲಿ ಕೆಲವು ಕಾಲ ಹೊಸ ಪತ್ರಿಕೆ ತರಿಸಬಹುದು ಎಂದರು ಕೆಲವರು. ಇವು ಹೋದರೆ ಮತ್ತೆ ಎಲ್ಲಿಯೂ ಸಿಗಲಾರವು ಎಂದರು ಉಳಿದವರು.

ಅದೇ ಹೊತ್ತಿಗೆ ನಮ್ಮ ಹಿರಿಯ ಸದಸ್ಯರೊಬ್ಬರು ಬಂದರು. ಚಿಕ್ಕಂದಿನಲ್ಲಿ ಈ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಕಲಿತವರು. ತಾವು ಪರೀಕ್ಷೆ ಪಾಸಾದ ವರ್ಷದ ಕಟ್ಟನ್ನು ಅವರು ಹುಡುಕತೊಡಗಿದರು. ಪಾಸಾದವರ ಪಟ್ಟಿ ಇಲ್ಲಿಯ ಕನ್ನಡ ವಾರಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತಂತೆ. ಸಂಚಿಕೆಯೇನೋ ಸಿಕ್ಕಿತು, ಆದರೆ ಮಡಿಕೆಯ ಉದ್ದಕ್ಕೂ ಕಾಗದವು ಹಪ್ಪಳದಂತೆ ಮುರಿದು ಪಟ್ಟಿಯ ಅರ್ಧ ಪುಡಿಯಾಗಿತ್ತು. ಅವರು ಏನೂ ಹೇಳಲಿಲ್ಲ. ಉಳಿದ ತುಂಡನ್ನು ಮತ್ತೆ ಅದೇ ಕಟ್ಟಿನಲ್ಲಿ ಇಟ್ಟು ಹೋದರು.

ಆ ದಿನ ಮಾರಾಟದ ಮಾತು ನಿಂತಿತು. ಈ ಪತ್ರಿಕೆಗಳನ್ನು ಡಿಜಿಟಲೀಕರಣ ಮಾಡಬೇಕು, ಎಂದರೆ ಪ್ರತಿಯೊಂದು ಪುಟದ ಚಿತ್ರವನ್ನು ಕಂಪ್ಯೂಟರಿನಲ್ಲಿ ಉಳಿಸಬೇಕು ಎಂದು ಸಮಿತಿಯು ಗೊತ್ತುಮಾಡಿತು. ಇದಕ್ಕೆ ಒಂದು ನಿಧಿಯನ್ನು ಕೂಡಿಸಬೇಕೆಂಬ ಸೂಚನೆ ಬಂದಾಗ ತರುಣ ಮಿತ್ರರೊಬ್ಬರು ಎದ್ದು ಕೇಳಿದರು: “ಈಗ ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ. ಫೋಟೋ ತೆಗೆದರಾಯಿತು. ನಿಧಿ ಯಾತಕ್ಕೆ?”

ಪ್ರಶ್ನೆ ನ್ಯಾಯವಾದದ್ದು. ಕಷ್ಟಪಟ್ಟು ದುಡಿದ ಹಣವನ್ನು ಕೊಡುವವನಿಗೆ ಅದು ಎಲ್ಲಿ ಹೋಗುತ್ತದೆಂದು ತಿಳಿಯುವ ಹಕ್ಕಿದೆ. ಆದುದರಿಂದ ಉತ್ತರವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಕಾಗದದ ಆಯುಷ್ಯ

ಕನ್ನಡದ ಮೊದಲನೆಯ ಪತ್ರಿಕೆ “ಮಂಗಳೂರ ಸಮಾಚಾರ”. ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು ಅದನ್ನು 1843ನೆಯ ಇಸವಿ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಡಿಸಿದರು. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಇದೇ ಕಾರಣದಿಂದ. ಅಷ್ಟು ಹಳೆಯ ಕಾಗದವೇ ಹೆಚ್ಚು ಬೇಗ ಹಾಳಾಗಬೇಕೆಂದು ನಾವು ಎಣಿಸುವುದು ಸಹಜ. ನಿಜಸ್ಥಿತಿ ಇದಕ್ಕೆ ವಿರುದ್ಧ. ಆ ಕಾಲದ ಕಾಗದವನ್ನು ಬಹುಮಟ್ಟಿಗೆ ಹಳೆಯ ಬಟ್ಟೆ, ಚಿಂದಿಗಳ ನಾರಿನಿಂದ ಮಾಡುತ್ತಿದ್ದರು, ಅದು ಗಟ್ಟಿ. 19ನೆಯ ಶತಮಾನದ ಕೊನೆಗೆ ಮರವನ್ನು ಅರೆದು ಮಾಡಿದ ಅಗ್ಗದ ಕಾಗದ ಬಂದಿತು. ಇದರಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದುಕೊಂಡಿರುತ್ತದೆ. ಬೆಳಕು, ಗಾಳಿ ತಗಲಿದಂತೆ ಕಾಗದ ಹಳದಿಯಾಗುತ್ತದೆ. ಒಳಗೇ ಹುಟ್ಟುವ ಆಮ್ಲವು ನಾರನ್ನು ಕಡಿಯುತ್ತ ಹೋಗುತ್ತದೆ. ಹೀಗಾಗಿ ಅಜ್ಜನ ಕಾಲದ ಪತ್ರಿಕೆ ನಿಂತರೂ ಅಪ್ಪನ ಕಾಲದ ಪತ್ರಿಕೆ ಪುಡಿಯಾಗುವುದುಂಟು. ಅದರ ಮೇಲೆ ಮುಂಬಯಿಯ ತೇವ ಮತ್ತು ಹುಳು. ಕಟ್ಟಿಡುವುದರಿಂದ ಮಾತ್ರ ಇವು ಉಳಿಯುವುದಿಲ್ಲ.

ಖರ್ಚು ಎಲ್ಲಿ ಬೀಳುತ್ತದೆ?

ಗಿರಣಿಯ ಲೆಕ್ಕದಲ್ಲಿ ಮಗ್ಗದ ಬೆಲೆಯನ್ನು ಒಂದು ಕಡೆ, ಅದನ್ನು ನಡೆಸುವ ಖರ್ಚನ್ನು ಇನ್ನೊಂದು ಕಡೆ ಬರೆಯುತ್ತೇವೆ. ಮಗ್ಗವನ್ನು ಒಮ್ಮೆ ಕೊಂಡರಾಯಿತು. ಎಣ್ಣೆ, ಬಿಡಿಭಾಗ, ಪಗಾರ ಇವು ಪ್ರತಿ ತಿಂಗಳೂ ಬರುತ್ತವೆ. ಈ ಕೆಲಸವೂ ಹಾಗೆಯೇ ಇದೆ. ಚಿತ್ರ ತೆಗೆಯುವುದು ಎಲ್ಲಕ್ಕಿಂತ ಅಗ್ಗವಾದ ಭಾಗ. ಹಣ ಬೇಕಾಗುವುದು ಅದಕ್ಕೆ ಮೊದಲು ಮತ್ತು ಅದರ ಅನಂತರ.

ಮೊದಲಿನ ಕೆಲಸ ನೋಡಿರಿ. ಸಂಚಿಕೆಗಳನ್ನು ತಾರೀಖಿನಂತೆ ಜೋಡಿಸಬೇಕು, ಯಾವುದು ಇಲ್ಲವೆಂದು ಪಟ್ಟಿ ಮಾಡಬೇಕು, ಧೂಳನ್ನು ಮೆದುವಾದ ಕುಂಚದಿಂದ ತೆಗೆಯಬೇಕು, ಮಡಿಕೆಗಳನ್ನು ಬಿಡಿಸಿ ಭಾರವಿಟ್ಟು ಚಪ್ಪಟೆ ಮಾಡಬೇಕು. ಹೊಲಿದ ಕಟ್ಟಾದರೆ ಹೊಲಿಗೆಯ ಹತ್ತಿರದ ಸಾಲುಗಳು ಚಿತ್ರದಲ್ಲಿ ಬಾಗದಂತೆ ನೋಡಿಕೊಳ್ಳಬೇಕು. ನಾವು ಒಂದು ಭಾನುವಾರ ಪ್ರಯೋಗ ಮಾಡಿ ನೋಡಿದೆವು. ಇಬ್ಬರು ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಕುಳಿತು ಮುಗಿಸಿದ್ದು 96 ಪುಟ. ದಿನಕ್ಕೆ 6 ಪುಟದಂತೆ ವರ್ಷಕ್ಕೆ 300 ಸಂಚಿಕೆಯ ದಿನಪತ್ರಿಕೆಯಾದರೆ 1,800 ಪುಟ. ಇದೇ ವೇಗದಲ್ಲಿ ಅದರ ಒಂದು ವರ್ಷಕ್ಕೆ 19 ಭಾನುವಾರ ಬೇಕು.

ಅನಂತರದ ಕೆಲಸ ಇನ್ನೂ ದೊಡ್ಡದು. ದೊಡ್ಡ ಅಳತೆಯ ಒಂದು ಪುಟ ಸುಮಾರು 40 ಸೆಂಟಿಮೀಟರ್ ಅಗಲ, 58 ಸೆಂಟಿಮೀಟರ್ ಉದ್ದ. ಸಣ್ಣ ಅಕ್ಷರ ಸ್ಪಷ್ಟವಾಗಿ ಕಾಣುವಂತೆ ಅಂಗುಲಕ್ಕೆ 400 ಬಿಂದುಗಳಂತೆ ಚಿತ್ರ ತೆಗೆದರೆ, ಬಣ್ಣವಿಲ್ಲದೆಯೂ, ಕುಗ್ಗಿಸದ ಮೂಲಚಿತ್ರವೊಂದು 57 ಮೆಗಾಬೈಟ್ ಜಾಗ ಹಿಡಿಯುತ್ತದೆ. ಮೇಲೆ ಹೇಳಿದ ದಿನಪತ್ರಿಕೆಯ ಒಂದು ವರ್ಷಕ್ಕೆ ಸುಮಾರು 100 ಗಿಗಾಬೈಟ್ ಆಯಿತು. ಇದನ್ನು ಒಂದೇ ಡಿಸ್ಕಿನಲ್ಲಿ ಇಡುವುದು ಒಂದೇ ಮೊಳೆಗೆ ಮನೆಯ ಭಾರವನ್ನೆಲ್ಲ ತೂಗುಹಾಕಿದಂತೆ. ಕಡಿಮೆಯೆಂದರೆ ಎರಡು ಪ್ರತಿ ಬೇಕು. ಒಂದು ಬೇರೆ ಕಟ್ಟಡದಲ್ಲಿರಬೇಕು. ಡಿಸ್ಕುಗಳು ಕೆಲವೇ ವರ್ಷಗಳಲ್ಲಿ ಕೆಡುವ ವಸ್ತುಗಳಾದ್ದರಿಂದ ಆಗಾಗ ಹೊಸದಕ್ಕೆ ನಕಲು ಮಾಡಬೇಕು.

ಇನ್ನು ಹುಡುಕುವ ಅನುಕೂಲ. ಮೊಬೈಲಿನಲ್ಲಿ ತೆಗೆದ ಸಾವಿರ ಚಿತ್ರಗಳಿಗೆ ಪತ್ರಿಕೆಯ ಹೆಸರು, ತಾರೀಖು, ಪುಟದ ಸಂಖ್ಯೆ ಕೊಡದಿದ್ದರೆ ಅದು ಇನ್ನೊಂದು ರದ್ದಿಯ ರಾಶಿಯೇ ಸರಿ. ಚಿತ್ರದಲ್ಲಿರುವ ಅಕ್ಷರಗಳನ್ನು ಯಂತ್ರವೇ ಓದಿ ಬರಹ ಮಾಡುವ ಉಪಾಯವಿದೆ, ಕನ್ನಡಕ್ಕೂ ಬಂದಿದೆ. ಆದರೆ ನಮ್ಮ ಒತ್ತಕ್ಷರಗಳು, ಸವೆದ ಮೊಳೆಗಳ ಅಚ್ಚು, ಹಿಂದಿನ ಪುಟದಿಂದ ಇಣುಕುವ ಶಾಯಿ ಇವುಗಳ ನಡುವೆ ಯಂತ್ರ ತಪ್ಪುತ್ತದೆ. ತಿದ್ದಲು ಕನ್ನಡ ಬಲ್ಲ ಮನುಷ್ಯನೇ ಬೇಕು.

ಬೇರೆ ದೇಶಗಳು ಹಣ ಕೂಡಿಸಿದ ರೀತಿ

ಅಮೆರಿಕದಲ್ಲಿ ಸರ್ಕಾರ ಮುಂದೆ ಬಂದಿತು. 1982ರಿಂದ 2011ರವರೆಗೆ ಊರೂರಿನ ಪತ್ರಿಕೆಗಳನ್ನು ಹುಡುಕಿ ಮೈಕ್ರೋಫಿಲ್ಮ್ ಮಾಡುವ ಯೋಜನೆಗೆ ಅಲ್ಲಿಯ ಮಾನವಿಕ ಶಾಸ್ತ್ರಗಳ ರಾಷ್ಟ್ರೀಯ ದತ್ತಿಸಂಸ್ಥೆ ನೆರವು ಕೊಟ್ಟಿತು. 2005ರಲ್ಲಿ ಅದೇ ಸಂಸ್ಥೆ ಕಾಂಗ್ರೆಸ್ ಗ್ರಂಥಾಲಯದೊಡನೆ ಸೇರಿ, ಮೊದಲು 6 ರಾಜ್ಯಗಳಿಗೆ ಡಿಜಿಟಲೀಕರಣದ ಅನುದಾನ ನೀಡಿತು. ಮುಂದೆ ಇತರ ರಾಜ್ಯಗಳಿಗೂ ವಿಸ್ತರಿಸಿತು. ಒಂದು ಅನುದಾನಕ್ಕೆ ಎರಡು ವರ್ಷಗಳಲ್ಲಿ ಸುಮಾರು 1 ಲಕ್ಷ ಪುಟ ಎಂಬುದು ಸಾಮಾನ್ಯ ಕ್ರಮ. ಯಾವ ಪತ್ರಿಕೆ ಮುಖ್ಯವೆಂದು ಆರಿಸುವುದು ಆಯಾ ರಾಜ್ಯದವರ ಕೆಲಸ. ಪುಟಗಳನ್ನು “ಕ್ರಾನಿಕ್ಲಿಂಗ್ ಅಮೆರಿಕ” ಎಂಬ ಹೆಸರಿನಲ್ಲಿ 2007ರಿಂದ ಯಾರು ಬೇಕಾದರೂ ಉಚಿತವಾಗಿ ಓದಲು ಇಟ್ಟಿದ್ದಾರೆ.

ಬ್ರಿಟನ್ ಬೇರೆ ದಾರಿ ಹಿಡಿಯಿತು. ಬ್ರಿಟಿಷ್ ಲೈಬ್ರರಿಯು 2010ರಲ್ಲಿ ಖಾಸಗಿ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡಿತು. ಹತ್ತು ವರ್ಷಗಳಲ್ಲಿ 4 ಕೋಟಿ ಪುಟಗಳವರೆಗೆ ಮಾಡುವುದು ಗುರಿ; 2011ರ ನವೆಂಬರಿನಲ್ಲಿ ಅದು ಓದುಗರಿಗೆ ತೆರೆಯಿತು. ಬಂಡವಾಳ ಹಾಕಿದ್ದು ಕಂಪೆನಿ. ಆದುದರಿಂದ ಮನೆಯಲ್ಲಿ ಕುಳಿತು ಓದುವವರು ಚಂದಾ ಕೊಡಬೇಕು. 2021ರಿಂದ ಒಂದು ಭಾಗವನ್ನು ಉಚಿತ ಮಾಡಿದರು. ಕೆಲಸ ವೇಗವಾಗಿ ಸಾಗಿತೆಂಬುದು ನಿಜ. ಆದರೆ ಹಣ ಹಾಕಿದವನು ಬಾಗಿಲಲ್ಲಿ ನಿಲ್ಲುತ್ತಾನೆ ಎಂಬ ಪಾಠವೂ ಇದರಲ್ಲಿದೆ.

ನಮ್ಮಂಥವರಿಗೆ ಹೆಚ್ಚು ಹತ್ತಿರವಾದ ಉದಾಹರಣೆ ಆಸ್ಟ್ರೇಲಿಯದ್ದು. ಕ್ಯಾನ್‌ಬೆರಾದ ರಾಷ್ಟ್ರೀಯ ಗ್ರಂಥಾಲಯವು 2008ರಲ್ಲಿ ಹಳೆಯ ಪತ್ರಿಕೆಗಳನ್ನು ಓದುಗರ ಮುಂದಿಟ್ಟಿತು. 2009ರಲ್ಲಿ ಅದು “ಟ್ರೋವ್” ಎಂಬ ದೊಡ್ಡ ಭಂಡಾರದ ಭಾಗವಾಯಿತು. 1803ರ ಸಿಡ್ನಿ ಗೆಜೆಟ್ಟಿನಿಂದ ಹಿಡಿದು ಸಣ್ಣ ಪೇಟೆಗಳ ಪತ್ರಿಕೆಗಳವರೆಗೆ ಅದರಲ್ಲಿವೆ. ರಾಷ್ಟ್ರೀಯ ಗ್ರಂಥಾಲಯದ ಹಣ ಎಲ್ಲ ಊರುಗಳಿಗೆ ಸಾಲದು. ಹೀಗಿರಲು ಆಯಾ ಪ್ರಾಂತ್ಯದ ಗ್ರಂಥಾಲಯ, ಊರಿನ ಪುರಸಭೆ, ಇತಿಹಾಸ ಸಂಘ ಇವರು ತಮ್ಮ ಊರಿನ ಪತ್ರಿಕೆಯ ಖರ್ಚನ್ನು ತಾವೇ ಕೂಡಿಸಿ ಗ್ರಂಥಾಲಯಕ್ಕೆ ಕೊಡುತ್ತಾರೆ. ಕೆಲಸದ ಕ್ರಮ ಒಂದೇ, ಭಂಡಾರ ಒಂದೇ, ಓದು ಎಲ್ಲರಿಗೂ ಉಚಿತ. ಹಣ ಕೊಡಲಾರದವರಿಗೂ ಅಲ್ಲಿ ಸ್ಥಾನವಿದೆ: ಯಂತ್ರ ತಪ್ಪಾಗಿ ಓದಿದ ಸಾಲುಗಳನ್ನು ಓದುಗರೇ ತಿದ್ದಬಹುದು. ಸಾವಿರಾರು ಜನ ಮನೆಯಲ್ಲಿ ಕುಳಿತು ಕೋಟಿಗಟ್ಟಲೆ ಸಾಲುಗಳನ್ನು ತಿದ್ದಿದ್ದಾರೆ.

ಆದರೆ ಆ ಭಂಡಾರಕ್ಕೂ ಆಪತ್ತು ತಪ್ಪಲಿಲ್ಲ. 2016ರಲ್ಲಿ ಸರ್ಕಾರ ಗ್ರಂಥಾಲಯದ ಹಣ ಕಡಿದಾಗ ಜನ ಕೂಗೆಬ್ಬಿಸಿದರು. ವರ್ಷದ ಕೊನೆಗೆ 1 ಕೋಟಿ 64 ಲಕ್ಷ ಆಸ್ಟ್ರೇಲಿಯನ್ ಡಾಲರು ಮಂಜೂರಾಯಿತು, ಅದೂ ನಾಲ್ಕು ವರ್ಷಗಳಿಗೆ ಮಾತ್ರ. ಮುಂದೆ 2023ರ ಮಧ್ಯಕ್ಕೆ ಹಣ ಮುಗಿಯುವುದೆಂದೂ ಟ್ರೋವ್ ನಿಂತೇ ಹೋದೀತೆಂದೂ ಭಯ ಹುಟ್ಟಿತು. ಆ ವರ್ಷದ ಏಪ್ರಿಲಿನಲ್ಲಿ ಸರ್ಕಾರ ನಾಲ್ಕು ವರ್ಷಗಳಿಗೆ 3 ಕೋಟಿ 30 ಲಕ್ಷ ಡಾಲರನ್ನೂ, ಅನಂತರ ಪ್ರತಿ ವರ್ಷ 92 ಲಕ್ಷದಂತೆ ಖಾಯಂ ಹಣವನ್ನೂ ಒಪ್ಪಿಕೊಂಡಿತು. ಗಮನಿಸತಕ್ಕದ್ದು ಈ ಕೊನೆಯ ಮಾತು. ಪುಟಗಳ ಚಿತ್ರವೆಲ್ಲ ಮುಗಿದ ಮೇಲೂ ಭಂಡಾರವನ್ನು ತೆರೆದಿಡಲು ವರ್ಷವರ್ಷವೂ ಹಣ ಬೇಕು. ಒಂದು ಸಲ ವಂತಿಗೆ ಎತ್ತಿ ಕೈತೊಳೆದುಕೊಳ್ಳುವ ಕೆಲಸ ಇದಲ್ಲ.

ನಮ್ಮ ದೇಶದಲ್ಲಿ

ಪುಸ್ತಕಗಳನ್ನು ಗ್ರಂಥಾಲಯಗಳಿಗೆ ಕಡ್ಡಾಯವಾಗಿ ಒಪ್ಪಿಸುವ ಕಾನೂನು ನಮ್ಮಲ್ಲಿ 1954ರಲ್ಲಿ ಬಂದಿತು. 1956ರ ತಿದ್ದುಪಡಿಯಿಂದ ಪತ್ರಿಕೆಗಳೂ ಅದಕ್ಕೆ ಸೇರಿದುವು. ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯ, ಮದರಾಸಿನ ಕನ್ನೆಮರಾ, ನಮ್ಮ ಮುಂಬಯಿಯ ಕೇಂದ್ರ ಗ್ರಂಥಾಲಯ, ದೆಹಲಿ ಸಾರ್ವಜನಿಕ ಗ್ರಂಥಾಲಯ ಈ ನಾಲ್ಕಕ್ಕೂ ಪ್ರತಿ ಹೋಗಬೇಕು. ಆದರೆ ಸಂಘದ ಕೋಣೆಯಲ್ಲಿ ಹುಟ್ಟಿ, ನಾಲ್ಕಾರು ಜನರ ಶ್ರಮದಿಂದ ನಡೆದು ನಿಂತುಹೋಗುವ ಸಣ್ಣ ಪತ್ರಿಕೆಗಳು ಈ ಕ್ರಮದಿಂದ ತಪ್ಪಿಹೋಗುವುದು ಸುಲಭ. ಹಿಂದೆ ಮುಂಬಯಿ ಸರ್ಕಾರ ದೇಶಭಾಷಾ ಪತ್ರಿಕೆಗಳ ಸಾರಾಂಶವನ್ನು ಇಂಗ್ಲಿಷಿನಲ್ಲಿ ಬರೆಯಿಸಿ ಇಟ್ಟುಕೊಳ್ಳುತ್ತಿತ್ತು. ಧಾರವಾಡ, ಕಾರವಾರ ಕಡೆಯ ಕನ್ನಡ ಪತ್ರಿಕೆಗಳೂ ಅದರಲ್ಲಿ ಬರುತ್ತಿದ್ದುವು. ಮೂಲ ಪತ್ರಿಕೆ ಸಿಗದ ಕಡೆ ಸಂಶೋಧಕರಿಗೆ ಈಗ ಆ ಸಾರಾಂಶವೇ ಗತಿ. ನಮ್ಮ ಹಿರಿಯರು ಏನು ಬರೆದರೆಂಬುದನ್ನು ಅವರ ಮೇಲೆ ಕಣ್ಣಿಟ್ಟವರ ಬರಹದಿಂದ ತಿಳಿಯಬೇಕಾಗಿದೆ.

ಹೋಟೆಲು, ಗಿರಣಿ, ಕಚೇರಿಗಳಲ್ಲಿ ದುಡಿದ ನಮ್ಮವರ ಹೆಸರು ದೊಡ್ಡ ಗ್ರಂಥಗಳಲ್ಲಿ ಬರುವುದಿಲ್ಲ. ರಾತ್ರಿಶಾಲೆಯ ಫಲಿತಾಂಶ, ಯಕ್ಷಗಾನದ ವರದಿ, ಸಂಘದ ವಾರ್ಷಿಕ ಸಭೆ, ನಿಧನವಾರ್ತೆ ಇವುಗಳಲ್ಲಿ ಮಾತ್ರ ಬರುತ್ತದೆ. ಆ ಪುಟ ಹೋದರೆ ಆ ಮನುಷ್ಯ ಈ ಊರಿನಲ್ಲಿ ಇದ್ದನೆಂಬ ಅಚ್ಚಿನ ಗುರುತೂ ಹೋಯಿತು.

ನಮ್ಮಿಂದ ಆಗತಕ್ಕದ್ದು

ನಮ್ಮದು ಉಚಿತ ವಾಚನಾಲಯ. ಆದುದರಿಂದ ಓದುವವನಿಂದ ಹಣ ತೆಗೆದುಕೊಳ್ಳುವ ದಾರಿ ನಮಗೆ ಸಲ್ಲದು. ಸಮಿತಿಯ ಯೋಜನೆ ಹೀಗಿದೆ.

ಒಂದು, ಎಲ್ಲವನ್ನೂ ಹಿಡಿಯಬಾರದು. ದೊಡ್ಡ ದಿನಪತ್ರಿಕೆಗಳ ಕಡತ ಬೇರೆ ಗ್ರಂಥಾಲಯಗಳಲ್ಲಿ ಇದ್ದೀತು. ಮೊದಲು ಟೌನ್‌ಹಾಲಿನ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಬೇಕು. ಬೇರೆಲ್ಲೂ ಇಲ್ಲದ ಇಲ್ಲಿಯ ವಾರಪತ್ರಿಕೆಯನ್ನು ಮೊದಲು ಎತ್ತಿಕೊಳ್ಳಬೇಕು. ವಾರಕ್ಕೆ 8 ಪುಟದಂತೆ ಅದರ ಒಂದು ವರ್ಷಕ್ಕೆ 416 ಪುಟ. 5 ಭಾನುವಾರದ ಕೆಲಸ.

ಎರಡು, ಹಕ್ಕಿನ ವಿಚಾರ. ಸಹಿಯಿಲ್ಲದ ಬರಹಕ್ಕೆ, ಪ್ರಕಟವಾದ ವರ್ಷ ಮುಗಿದ ಮೇಲೆ 60 ವರ್ಷದವರೆಗೆ ಹಕ್ಕುಂಟು. ಸಹಿಯಿದ್ದ ಲೇಖನಕ್ಕೆ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಅದಕ್ಕೆ ಒಳಪಟ್ಟವನ್ನು ಹಂಚುವುದಕ್ಕೆ ಮೊದಲು ಹಕ್ಕುಳ್ಳವರ ಒಪ್ಪಿಗೆ ಪಡೆಯಬೇಕು.

ಮೂರು, ಹಣವನ್ನು ಎರಡು ಖಾತೆಯಲ್ಲಿ ಇಡಬೇಕು. ಕೆಲಸ ಮಾಡಿಸುವ ಹಣ ಒಂದು. ಡಿಸ್ಕು ಬದಲಾಯಿಸಿ ಕಾಪಾಡುವ ಹಣ ಇನ್ನೊಂದು. ಎರಡನೆಯದನ್ನು ಮೊದಲನೆಯದಕ್ಕೆ ಮುಟ್ಟಬಾರದು. ಜಮಾಖರ್ಚನ್ನು ಪ್ರತಿ ವರ್ಷ ಈ ಪತ್ರಿಕೆಯಲ್ಲಿ ಅಚ್ಚುಮಾಡಬೇಕು. ನಮ್ಮವರು ಫ್ಯಾನಿನ ರೆಕ್ಕೆಯ ಮೇಲೆ ತಂದೆಯ ಹೆಸರು ಬರೆಯಿಸಿ ಸಂಘಕ್ಕೆ ಕೊಡುವುದುಂಟು. ಅದರಂತೆ ಪತ್ರಿಕೆಯ ಒಂದು ವರ್ಷದ ಖರ್ಚನ್ನು ವಹಿಸಿಕೊಂಡವರ ಹೆಸರನ್ನೂ ಆ ವರ್ಷದ ಕಡತದ ಮೊದಲ ಪುಟದಲ್ಲಿ ಹಾಕಬಹುದು.

ನಾಲ್ಕು, ಹಣ ಕೊಡಲಾಗದವರು ಭಾನುವಾರ ಎರಡು ಗಂಟೆ ಕೊಡಲಿ. ಧೂಳು ತೆಗೆಯುವುದು, ತಾರೀಖು ಬರೆಯುವುದು, ಯಂತ್ರದ ತಪ್ಪು ತಿದ್ದುವುದು ಇವಕ್ಕೆ ಕನ್ನಡ ಓದಲು ಬಂದರೆ ಸಾಕು. ಇದೂ ವಂತಿಗೆಯೇ.

ಕೊನೆಗೆ ಒಂದು ಕೋರಿಕೆ. ನಮ್ಮ ಕಡತದಲ್ಲಿ ಅನೇಕ ಸಂಚಿಕೆಗಳಿಲ್ಲ. ಇರುವವುಗಳಲ್ಲೂ ಕೆಲವು ಹರಿದಿವೆ. ಮನೆಯ ಟ್ರಂಕಿನ ತಳಕ್ಕೆ ಹಾಸಿದ್ದು, ಕಪಾಟಿನ ಮೇಲೆ ಕಟ್ಟಿಟ್ಟದ್ದು ಏನಿದ್ದರೂ ರದ್ದಿಯವನನ್ನು ಕರೆಯುವ ಮೊದಲು ನಮಗೆ ತೋರಿಸಿರಿ. ಚಿತ್ರ ತೆಗೆದು ಹಿಂದಕ್ಕೆ ಕೊಡುತ್ತೇವೆ. ನಮ್ಮ ಹಿರಿಯ ಸದಸ್ಯರ ಹೆಸರಿದ್ದ ಆ ಪಟ್ಟಿಯ ಉಳಿದರ್ಧವೂ ನಿಮ್ಮಲ್ಲಿ ಯಾರಾದರೊಬ್ಬರ ಮನೆಯಲ್ಲಿ ಇದ್ದೀತು.