ಕಂಠಪಾಠದ ಎರಡು ದಾರಿಗಳು: ಮಾಕಳಿ ಪರಿಸರದಲ್ಲಿ ಹತ್ತನೆಯ ತರಗತಿಯ ಇಂಗ್ಲಿಷ್ ಅಭ್ಯಾಸ

ಜಾನಪದವೆಂದರೆ ಹಳ್ಳಿ, ಹೊಲ, ಜಾತ್ರೆಗಳಿಗೆ ಸೀಮಿತವಾದದ್ದು ಎಂಬ ಗ್ರಹಿಕೆ ವಿದ್ವತ್ ವಲಯದಲ್ಲಿ ಬಹುಕಾಲ ನೆಲೆಯೂರಿತ್ತು. ಬಾಯಿಂದ ಬಾಯಿಗೆ ಸಾಗುವ ಜ್ಞಾನ ಎಲ್ಲಿದೆಯೋ ಅಲ್ಲೆಲ್ಲ ಜಾನಪದವಿದೆ ಎಂಬ ಅರಿವು ಬಂದ ಮೇಲೆ ಶಾಲೆಯ ಅಂಗಳವೂ ಅಧ್ಯಯನದ ಕ್ಷೇತ್ರವಾಯಿತು. ಇಂಗ್ಲೆಂಡಿನ ಅಯೋನಾ ಮತ್ತು ಪೀಟರ್ ಓಪಿ ದಂಪತಿಗಳು ಶಾಲಾ ಮಕ್ಕಳ ನುಡಿ ಹಾಗೂ ನಂಬಿಕೆಗಳನ್ನು ಕುರಿತ ತಮ್ಮ ಗ್ರಂಥವನ್ನು 1959ರಲ್ಲಿ ಪ್ರಕಟಿಸಿ ಈ ದಾರಿಯನ್ನು ತೋರಿಸಿಕೊಟ್ಟರು. ಕನ್ನಡ ಮಾಧ್ಯಮದ ಮಕ್ಕಳು ಪರೀಕ್ಷೆಗಾಗಿ ಇಂಗ್ಲಿಷ್ ವ್ಯಾಕರಣ, ಪದಸಂಪತ್ತು ಮತ್ತು ಓದನ್ನು ಅಭ್ಯಾಸ ಮಾಡುವ ಬಗೆ ಮೇಲ್ನೋಟಕ್ಕೆ ಶಿಕ್ಷಣಶಾಸ್ತ್ರದ ವಿಷಯ. ಆಳದಲ್ಲಿ ಅದು ಮೌಖಿಕ ಪರಂಪರೆಯೊಂದರ ಮುಂದುವರಿಕೆ. ಈ ಸಂಬಂಧವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಸರ ಮತ್ತು ಪರೀಕ್ಷೆ

ಬೆಂಗಳೂರು–ತುಮಕೂರು ಹೆದ್ದಾರಿಯಲ್ಲಿ ಪೀಣ್ಯವನ್ನು ದಾಟಿ ನೆಲಮಂಗಲದ ಕಡೆಗೆ ಸಾಗಿದರೆ ಸಿಗುವ ಊರು ಮಾಕಳಿ. ಹೊಲಗದ್ದೆಗಳ ಊರಾಗಿದ್ದ ಇದು ಪೀಣ್ಯ ಕೈಗಾರಿಕಾ ಪ್ರದೇಶದ ಬೆಳವಣಿಗೆಯೊಂದಿಗೆ ಕಾರ್ಖಾನೆ, ಗೋದಾಮು ಮತ್ತು ಬಾಡಿಗೆ ಮನೆಗಳ ಊರಾಗಿ ಮಾರ್ಪಟ್ಟಿತು. 2024ರ ನವೆಂಬರ್‌ನಲ್ಲಿ ನಾಗಸಂದ್ರದಿಂದ ಮಾದಾವರದವರೆಗೆ ಮೆಟ್ರೊ ಮಾರ್ಗ ವಿಸ್ತರಣೆಗೊಂಡು ನಗರ ಇನ್ನಷ್ಟು ಸಮೀಪಕ್ಕೆ ಬಂದಿದೆ. ಕೂಲಿ ಅರಸಿ ಬಂದ ಕುಟುಂಬಗಳ ಮನೆಮಾತು ಒಂದೇ ಅಲ್ಲ. ಕನ್ನಡದ ಹಲವು ಪ್ರಾದೇಶಿಕ ರೂಪಗಳ ಜೊತೆಗೆ ತೆಲುಗು, ತಮಿಳು, ಉರ್ದು, ಹಿಂದಿ ಭಾಷೆಗಳೂ ಈ ವಲಯದಲ್ಲಿ ಕೇಳಿಬರುತ್ತವೆ. ಇಂತಹ ಅನೇಕ ಮನೆಗಳಲ್ಲಿ ಹತ್ತನೆಯ ತರಗತಿಯನ್ನು ತಲುಪಿದ ಮಗುವೇ ಆ ಮನೆಯ ಮೊದಲ ಅಕ್ಷರಸ್ಥ ತಲೆಮಾರು.

ಈ ಮಗುವಿಗೆ ಎಸ್.ಎಸ್.ಎಲ್.ಸಿ. ಎಂಬುದು ಒಂದು ಹೆಬ್ಬಾಗಿಲು. ಒಟ್ಟು 625 ಅಂಕಗಳ ಈ ಪರೀಕ್ಷೆಯಲ್ಲಿ ಪ್ರಥಮ ಭಾಷೆಗೆ 125 ಅಂಕಗಳಿದ್ದು, ಕನ್ನಡ ಮಾಧ್ಯಮದ ಬಹುಪಾಲು ಮಕ್ಕಳು ದ್ವಿತೀಯ ಭಾಷೆಯಾಗಿ ಓದುವ ಇಂಗ್ಲಿಷಿಗೆ 100 ಅಂಕಗಳಿವೆ. ಅದರಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ತೇರ್ಗಡೆಯಾದವರಿಗೆ ಐ.ಟಿ.ಐ., ಡಿಪ್ಲೊಮಾ, ಪದವಿಪೂರ್ವ ಶಿಕ್ಷಣದ ದಾರಿ ತೆರೆಯುತ್ತದೆ. ಅನುತ್ತೀರ್ಣರಾದವರಿಗೆ ತಂದೆತಾಯಿಯರ ಕಾರ್ಖಾನೆಯಲ್ಲೇ ಹೆಲ್ಪರ್ ಕೆಲಸ ಕಾದಿರುತ್ತದೆ. 2007–08ನೆಯ ಸಾಲಿನಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಆದರೂ ಹತ್ತನೆಯ ತರಗತಿಯ ಹೊತ್ತಿಗೆ ಇಂಗ್ಲಿಷ್ ಭಯದ ವಿಷಯವಾಗಿಯೇ ಉಳಿದಿರುವುದನ್ನು ಅಲ್ಲಗಳೆಯಲಾಗದು.

ಮಗ್ಗಿಯ ಮಾದರಿ

ಭಯವನ್ನು ಎದುರಿಸಲು ಮಕ್ಕಳು ಕೈಗೆತ್ತಿಕೊಳ್ಳುವ ಆಯುಧ ಬಾಯಿಪಾಠ. ಇದು ಅವರು ಹೊಸದಾಗಿ ಕಂಡುಕೊಂಡದ್ದಲ್ಲ. ಕೂಲಿಮಠಗಳ ಕಾಲದಲ್ಲಿ ಮರಳಿನ ಮೇಲೆ ಬೆರಳಾಡಿಸುತ್ತ, ಗಟ್ಟಿಯಾಗಿ ಒದರುತ್ತ ಕಾಗುಣಿತ, ಮಗ್ಗಿ, ಅಮರಕೋಶ, ಜೈಮಿನಿ ಭಾರತಗಳನ್ನು ಕಲಿಯುವ ಪದ್ಧತಿಯಿತ್ತು. ಇಂದು ಅದೇ ಲಯದಲ್ಲಿ ‘ಬಿ-ಇ-ಎ-ಯು-ಟಿ-ವೈ ಬ್ಯೂಟಿ, ಬ್ಯೂಟಿ ಎಂದರೆ ಸೌಂದರ್ಯ’ ಎಂದು ಮಕ್ಕಳು ಒದರುತ್ತಾರೆ. ಅಕ್ಷರಗಳ ಹೆಸರು, ಪದದ ಉಚ್ಚಾರ, ಕನ್ನಡದ ಅರ್ಥ ಎಂಬ ಈ ಮೂರು ಹಂತದ ಪಠಣ ‘ಎರಡೊಂದ್ಲ ಎರಡು’ ಎಂಬ ಮಗ್ಗಿಯ ಕಟ್ಟಿಗೆ ತೀರ ಸಮೀಪದ್ದು.

ಕಠಿಣ ಪದಗಳನ್ನು ಒಡೆದು ನೆನಪಿಡುವ ಚಮತ್ಕಾರಗಳೂ ಈ ಪರಂಪರೆಗೆ ಸೇರುತ್ತವೆ. ‘ಟುಗೆದರ್’ ಪದದ ಕಾಗುಣಿತವನ್ನು ‘ಟು-ಗೆಟ್-ಹರ್’ ಎಂದು ಬಿಡಿಸುವುದು, ‘ಲೆಫ್ಟಿನೆಂಟ್’ ಪದವನ್ನು ‘ಲೈ-ಯು-ಟೆನ್-ಆ್ಯಂಟ್’ ಎಂದು ಒಡೆದು ‘ಸುಳ್ಳು, ನೀನು, ಹತ್ತು, ಇರುವೆ’ ಎಂದು ನಗುವುದು ದೇಶದ ನಾನಾ ಭಾಷೆಗಳ ಶಾಲೆಗಳಲ್ಲಿ ಹಬ್ಬಿರುವ ಕರ್ತೃವಿಲ್ಲದ ರಚನೆಗಳು. ಒಗಟಿನಲ್ಲಿರುವಂತೆ ಇಲ್ಲಿಯೂ ಅಸಂಬದ್ಧತೆಯೇ ನೆನಪಿನ ಕೊಂಡಿ.

ಇಂತಹ ಅಭ್ಯಾಸ ನಮ್ಮಲ್ಲಿ ಮಾತ್ರ ಇದೆಯೆಂದು ಭಾವಿಸಬೇಕಾಗಿಲ್ಲ. ಚೀನಾದ ಪ್ರೌಢಶಾಲೆಯ ಮಕ್ಕಳು ಎದುರಿಸುವ ‘ಗಾವೊಕಾವೊ’ ಎಂಬ ರಾಷ್ಟ್ರೀಯ ಪ್ರವೇಶ ಪರೀಕ್ಷೆ 1952ರಲ್ಲಿ ಆರಂಭವಾಗಿ, ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನಿಂತು, 1977ರಲ್ಲಿ ಮರುಜೀವ ಪಡೆಯಿತು. ಅಲ್ಲಿಯೂ ಇಂಗ್ಲಿಷ್ ಪ್ರಧಾನ ವಿಷಯ. ಬೆಳಗಿನ ಹೊತ್ತು ಇಡೀ ತರಗತಿ ಒಟ್ಟಾಗಿ ಗಟ್ಟಿಯಾಗಿ ಪಾಠ ಓದುವ ರೂಢಿ ಅಲ್ಲಿನ ಶಾಲೆಗಳಲ್ಲಿದೆ. 1905ರಲ್ಲಿ ರದ್ದಾದ ಸಾಮ್ರಾಜ್ಯದ ಅಧಿಕಾರಿಗಳ ಆಯ್ಕೆ ಪರೀಕ್ಷೆಗಾಗಿ ಪ್ರಾಚೀನ ಗ್ರಂಥಗಳನ್ನು ಕಂಠಸ್ಥ ಮಾಡುತ್ತಿದ್ದ ಸಂಪ್ರದಾಯ ಆ ರೂಢಿಯ ಹಿಂದೆ ಇದೆ. ಹೊಸ ವಿದ್ಯೆಯನ್ನು ಹಳೆಯ ಕಂಠದಿಂದಲೇ ಕಲಿಯುವುದು ಹೀಗೆ ಹಲವು ಸಮಾಜಗಳ ಸಾಮಾನ್ಯ ಲಕ್ಷಣ.

ವ್ಯಾಕರಣ: ಮಾತಿನಲ್ಲಿರುವ ಬೀಜ

ಮಗ್ಗಿಯ ಮಾದರಿ ಕಾಗುಣಿತಕ್ಕೆ ಒದಗಿದಷ್ಟು ವ್ಯಾಕರಣಕ್ಕೆ ಒದಗುವುದಿಲ್ಲ. ‘ಎ, ಇ, ಐ, ಓ, ಯು ಮುಂದೆ ಬಂದರೆ ಆ್ಯನ್’ ಎಂಬ ಸೂತ್ರವನ್ನು ಉರು ಹೊಡೆದ ಮಗು ‘ಆ್ಯನ್ ಯೂನಿವರ್ಸಿಟಿ’ ಎಂದು ಬರೆದು ಅಂಕ ಕಳೆದುಕೊಳ್ಳುತ್ತದೆ. ಸೂತ್ರ ಅಕ್ಷರದ ಆಧಾರದ ಮೇಲಿದ್ದರೆ ನಿಯಮ ಇರುವುದು ಧ್ವನಿಯ ಆಧಾರದ ಮೇಲೆ. ಅದೇ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದರೆ ಉತ್ತರ ತಾನಾಗಿ ದೊರೆಯುತ್ತದೆ. ‘ಯೂನಿವರ್ಸಿಟಿ’ ಆರಂಭವಾಗುವುದು ‘ಯ’ಕಾರವೆಂಬ ವ್ಯಂಜನದಿಂದ, ಆದ್ದರಿಂದ ‘ಎ’. ಗಂಟೆ ಎಂಬ ಅರ್ಥದ ‘ಅವರ್’ ಪದದ ಇಂಗ್ಲಿಷ್ ಬರಹದಲ್ಲಿ ಮೊದಲು ‘ಎಚ್’ ಇದ್ದರೂ ಕಿವಿಗೆ ಕೇಳುವುದು ‘ಅ’ ಎಂಬ ಸ್ವರ, ಆದ್ದರಿಂದ ‘ಆ್ಯನ್’. ಇಂಗ್ಲಿಷ್ ಸಾಲಿನ ಮೇಲೆ ಸಣ್ಣಗೆ ಕನ್ನಡ ಅಕ್ಷರ ಬರೆದುಕೊಳ್ಳುವ ಮಕ್ಕಳ ಅಭ್ಯಾಸವನ್ನು ದೋಷವೆಂದು ಎಣಿಸುವುದುಂಟು. ಸ್ವರ-ವ್ಯಂಜನಗಳ ಅರಿವು ಇರುವ ಕಡೆ ಅದೇ ಅಭ್ಯಾಸ ಸಾಧನವೂ ಆಗಬಲ್ಲದು.

ಪರೋಕ್ಷ ಕಥನದ ಪ್ರಶ್ನೆ ಇನ್ನೊಂದು ಉದಾಹರಣೆ. ‘ನನಗೆ ಕೆಲಸ ಇದೆ ಅಂತ ರವಿ ಹೇಳಿದ’ ಎಂಬುದು ಕನ್ನಡದ ಸಹಜ ವಾಕ್ಯ. ‘ಅಂತ’ ಎಂಬ ಒಂದೇ ಪದದ ಬಲದಿಂದ ಕನ್ನಡ ಇನ್ನೊಬ್ಬರ ಮಾತನ್ನು ಇದ್ದಂತೆಯೇ ಹಿಡಿದಿಡುತ್ತದೆ. ನಮ್ಮ ಕಥೆಗಾರ್ತಿಯರು ರಾಜನ ಮಾತನ್ನೂ ರಾಕ್ಷಸನ ಮಾತನ್ನೂ ಅವರವರ ಬಾಯಲ್ಲೇ ಹೇಳಿಸುವುದು ಇದರಿಂದಲೇ. ಇಂಗ್ಲಿಷಿನಲ್ಲಿ ಹೇಳುವವನು ತನ್ನ ನೆಲೆಯಿಂದ ಆ ಮಾತನ್ನು ಮತ್ತೆ ಕಟ್ಟಬೇಕು. ‘ಐ ಆ್ಯಮ್ ಬಿಸಿ’ ಎಂಬುದು ‘ಹಿ ವಾಸ್ ಬಿಸಿ’ ಆಗಬೇಕು. ಮಗು ತಪ್ಪುವುದು ದಡ್ಡತನದಿಂದಲ್ಲ, ತನ್ನ ಭಾಷೆಯ ಕಥನಕ್ರಮಕ್ಕೆ ನಿಷ್ಠವಾಗಿರುವುದರಿಂದ. ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳಿಕೊಟ್ಟರೆ ಸರ್ವನಾಮ ಮತ್ತು ಕಾಲಗಳ ಪಟ್ಟಿಗೆ ಅರ್ಥ ಬರುತ್ತದೆ.

ಪ್ರಶ್ನೆಬಾಲಗಳದ್ದೂ ಇದೇ ಕಥೆ. ಕನ್ನಡಕ್ಕೆ ‘ಅಲ್ವಾ’ ಎಂಬ ಒಂದು ಪದ ಸಾಕು. ಇಂಗ್ಲಿಷ್ ‘ಶಿ ಈಸ್ ಎ ಡಾಕ್ಟರ್’ ಎಂಬುದಕ್ಕೆ ‘ಈಸಂಟ್ ಶಿ’ ಎಂದು, ವಾಕ್ಯದ ಕ್ರಿಯಾಪದವನ್ನೇ ತಿರುವಿ ಮರಳಿಸುತ್ತದೆ. ಮುಮ್ಮೇಳದವರು ಬಿಟ್ಟ ಸೊಲ್ಲನ್ನು ಹಿಮ್ಮೇಳದವರು ಎತ್ತಿಕೊಳ್ಳುವ ಕ್ರಮವನ್ನು ಬಲ್ಲ ಮಕ್ಕಳಿಗೆ ಇದನ್ನು ಎರಡು ಗುಂಪುಗಳ ಆಟವಾಗಿ ಕಲಿಸುವುದು ಕಷ್ಟವಲ್ಲ.

ಕಾರ್ಖಾನೆಯ ಪದಕೋಶ

ಪದಸಂಪತ್ತಿನ ವಿಷಯದಲ್ಲಿ ಮಾಕಳಿಯಂತಹ ಪರಿಸರದ ಮಗು ಬಡವನಲ್ಲ. ಶಿಫ್ಟು, ಓಟಿ, ಗೇಟ್‌ಪಾಸ್, ಲೇತು, ವೆಲ್ಡಿಂಗ್, ಪ್ಯಾಕಿಂಗ್, ಡಿಸ್ಪ್ಯಾಚ್, ರಿಜೆಕ್ಟ್, ಸೂಪರ್‌ವೈಸರ್ ಮುಂತಾದ ಪದಗಳು ಕಾರ್ಮಿಕರ ಮನೆಗಳ ದಿನಬಳಕೆಯ ಮಾತು. ಇಂಗ್ಲಿಷ್ ಬಾರದೆಂದು ಹೇಳುವ ತಾಯಿಯೂ ಇವನ್ನು ಖಚಿತವಾದ ಅರ್ಥದಲ್ಲಿ ಬಳಸುತ್ತಾಳೆ. ಇವು ಕಿವಿಯ ಮೂಲಕ ಬಂದು, ಕೊನೆಯಲ್ಲಿ ಉಕಾರ ಸೇರಿಸಿಕೊಂಡು, ‘ಮಾಡು’, ‘ಆಗು’ ಎಂಬ ಕ್ರಿಯಾಪದಗಳೊಂದಿಗೆ ಕನ್ನಡದ ವ್ಯಾಕರಣಕ್ಕೆ ಒಗ್ಗಿಕೊಂಡಿವೆ.

ಇದರಲ್ಲಿ ಒಂದು ಸ್ವಾರಸ್ಯವಿದೆ. ‘ಮಾಲು ರಿಜೆಕ್ಟ್ ಮಾಡಿದರು’ ಎಂದಾಗ ಮಾಡಿದವರು ಮುಂದಿದ್ದಾರೆ. ‘ಮಾಲು ರಿಜೆಕ್ಟ್ ಆಯಿತು’ ಎಂದಾಗ ಅವರು ಮರೆಯಾಗಿದ್ದಾರೆ. ಪರೀಕ್ಷೆಯಲ್ಲಿ ಕೇಳುವ ಕರ್ತರಿ-ಕರ್ಮಣಿ ಪ್ರಯೋಗಗಳ ವ್ಯತ್ಯಾಸದ ತಿರುಳು ಇದೇ. ‘ಅಲ್ಪಟ್ಟಿತು’ ಎಂಬ ಗ್ರಾಂಥಿಕ ರೂಪದಿಂದ ಆರಂಭಿಸಿದರೆ ದೂರವೆನಿಸುವ ವಿಷಯ, ತಂದೆಯ ಬಾಯಲ್ಲಿ ಕೇಳಿದ ‘ಮಾಡು–ಆಗು’ ಜೋಡಿಯಿಂದ ಆರಂಭಿಸಿದರೆ ಹತ್ತಿರವಾಗುತ್ತದೆ. ಆದರೆ ಕಿವಿಯಲ್ಲಿರುವ ಈ ಪದಗಳು ಪುಟದಲ್ಲಿ ಇಂಗ್ಲಿಷ್ ಲಿಪಿಯಲ್ಲಿ ಎದುರಾದಾಗ ಮಗುವಿಗೆ ಗುರುತು ಸಿಗುವುದಿಲ್ಲ. ಮನೆಯ ಪದಕೋಶಕ್ಕೂ ಶಾಲೆಯ ಪದಕೋಶಕ್ಕೂ ನಡುವೆ ಸೇತುವೆ ಇಲ್ಲದಿರುವುದೇ ಇಲ್ಲಿನ ಮುಖ್ಯ ಕೊರತೆ.

ಸಿದ್ಧಪಠ್ಯ ಮತ್ತು ಸೂತ್ರ

ಈ ಹಂತದಲ್ಲಿ ಮೌಖಿಕ ಪರಂಪರೆಯ ಒಂದು ತತ್ವವನ್ನು ಗಮನಿಸಬೇಕು. ಕಂಠಪಾಠದಲ್ಲಿ ಎರಡು ಬಗೆಗಳಿವೆ. ಮಂತ್ರ, ಮಗ್ಗಿಗಳಲ್ಲಿ ಒಂದು ಅಕ್ಷರವೂ ಬದಲಾಗಕೂಡದು. ಮಲೆಮಹದೇಶ್ವರನ ಕಾವ್ಯ ಹಾಡುವ ಕಂಸಾಳೆಯವರು, ಮಂಟೇಸ್ವಾಮಿಯ ಕಾವ್ಯ ಹಾಡುವ ನೀಲಗಾರರು ಇಡೀ ರಾತ್ರಿ ಹಾಡುವುದು ಹೀಗಲ್ಲ. ಅವರ ನೆನಪಿನಲ್ಲಿರುವುದು ಸಿದ್ಧ ನುಡಿಗಟ್ಟುಗಳು, ಮತ್ತೆ ಮತ್ತೆ ಬರುವ ಸನ್ನಿವೇಶಗಳು, ಮಟ್ಟುಗಳು. ಅವುಗಳ ಬಲದಿಂದ ಅವರು ಪ್ರತಿ ಸಲವೂ ಕಾವ್ಯವನ್ನು ಹೊಸದಾಗಿ ಕಟ್ಟುತ್ತಾರೆ. ಯುಗೊಸ್ಲಾವಿಯದ ಗಾಯಕರನ್ನು 1930ರ ದಶಕದಲ್ಲಿ ಅಭ್ಯಾಸ ಮಾಡಿದ ಮಿಲ್ಮನ್ ಪ್ಯಾರಿ ಹಾಗೂ 1960ರಲ್ಲಿ ಆ ಅಧ್ಯಯನವನ್ನು ಗ್ರಂಥರೂಪಕ್ಕೆ ತಂದ ಆಲ್ಬರ್ಟ್ ಲಾರ್ಡ್ ಇದನ್ನೇ ‘ಸೂತ್ರ’ ಸಿದ್ಧಾಂತವೆಂದು ನಿರೂಪಿಸಿದರು.

ಪರೀಕ್ಷಾಭ್ಯಾಸದ ಸಮಸ್ಯೆ ಕಂಠಪಾಠವಿರುವುದರಲ್ಲಿ ಇಲ್ಲ, ಸೂತ್ರವಾಗಬೇಕಾದದ್ದು ಮಂತ್ರವಾಗಿರುವುದರಲ್ಲಿದೆ. ಪತ್ರಲೇಖನವನ್ನು ತೆಗೆದುಕೊಳ್ಳಬಹುದು. ಇಂದ, ಗೆ, ಮಾನ್ಯರೇ, ವಿಷಯ, ಒಕ್ಕಣೆ, ವಂದನೆ ಎಂಬ ಚೌಕಟ್ಟು ಸ್ಥಿರ. ನಡುವಿನ ಸಂಗತಿ ಚರ. ಗೈಡಿನಲ್ಲಿರುವ ರಜೆಪತ್ರವನ್ನು ಅಕ್ಷರಶಃ ಉರು ಹೊಡೆದ ಮಗು, ಪ್ರಶ್ನೆಪತ್ರಿಕೆಯಲ್ಲಿ ಕುಡಿಯುವ ನೀರಿನ ಸಮಸ್ಯೆ ಕುರಿತು ಬರೆಯಬೇಕಾಗಿ ಬಂದಾಗ ನಿಂತುಬಿಡುತ್ತದೆ. ಚೌಕಟ್ಟನ್ನೂ ಹತ್ತಾರು ನುಡಿಗಟ್ಟುಗಳನ್ನೂ ಕಲಿತು, ಒಂದೇ ಚೌಕಟ್ಟಿನಲ್ಲಿ ಬೀದಿದೀಪ, ಬಸ್ಸು, ನೀರು ಎಂದು ಸಂಗತಿ ಬದಲಿಸಿ ಬರೆದ ಮಗು ಯಾವ ಪ್ರಶ್ನೆಗೂ ಹೆದರದು. ವ್ಯಕ್ತಿಪರಿಚಯ, ಸುಳಿವುಗಳಿಂದ ಕಥೆ ಬೆಳೆಸುವುದು, ಪ್ರಬಂಧ ಇವೆಲ್ಲವೂ ಇದೇ ಜಾತಿಯ ಪ್ರಶ್ನೆಗಳು. ಪದ್ಯದ ಸಾಲುಗಳನ್ನು ನೆನಪಿನಿಂದ ಬರೆಯುವ ಪ್ರಶ್ನೆಯೊಂದಕ್ಕೆ ಮಾತ್ರ ಅಕ್ಷರಶಃ ಕಂಠಪಾಠವೇ ಸರಿಯಾದ ದಾರಿ.

ಓದಿನ ಪ್ರಶ್ನೆ

ಓದಿ ಉತ್ತರಿಸುವ ಅಪರಿಚಿತ ಗದ್ಯಭಾಗ ಯಾವ ಬಾಯಿಪಾಠಕ್ಕೂ ಸಿಕ್ಕುವುದಿಲ್ಲ. ಢಾಕಾದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಮೈಕೇಲ್ ವೆಸ್ಟ್, ಭಾರತೀಯ ಮಗುವಿಗೆ ಇಂಗ್ಲಿಷಿನಲ್ಲಿ ಮೊದಲು ಬೇಕಾದದ್ದು ಓದುವ ಶಕ್ತಿ ಎಂದು 1920ರ ದಶಕದಲ್ಲೇ ವಾದಿಸಿ, ಮಿತವಾದ ಪದಗಳಲ್ಲಿ ವಾಚಿಕೆಗಳನ್ನು ರಚಿಸಿದರು. ಸುಮಾರು 2000 ಪದಗಳ ಅವರ ಪಟ್ಟಿ 1953ರಲ್ಲಿ ಪ್ರಕಟವಾಯಿತು. ಗೊತ್ತಿರುವ ಪದಗಳ ನಡುವೆ ಗೊತ್ತಿಲ್ಲದ ಪದ ಅಪರೂಪವಾಗಿ ಬಂದಾಗ ಓದುಗ ಸಂದರ್ಭದಿಂದಲೇ ಅರ್ಥ ಊಹಿಸುತ್ತಾನೆ ಎಂಬುದು ಇಲ್ಲಿನ ತತ್ವ.

ಇದಕ್ಕಿಂತ ಸಮೀಪದ ಪ್ರಯೋಗವೊಂದು ಬೆಂಗಳೂರಿನ ಹೆಸರನ್ನೇ ಹೊತ್ತಿದೆ. ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ‘ಬೆಂಗಳೂರು ಯೋಜನೆ’ ಭಾಷಾಬೋಧನೆಯ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದರಲ್ಲಿ ಭಾಗಿಯಾಗಿತ್ತು. ವ್ಯಾಕರಣ ಸೂತ್ರ ಬಾಯಿಪಾಠ ಮಾಡಿಸುವ ಬದಲು ರೈಲು ವೇಳಾಪಟ್ಟಿ, ನಕ್ಷೆಗಳನ್ನು ಕೊಟ್ಟು ಮಕ್ಕಳಿಂದ ಸಮಸ್ಯೆ ಬಿಡಿಸಲಾಯಿತು. ಮನಸ್ಸು ಅರ್ಥದ ಮೇಲಿದ್ದಾಗ ವ್ಯಾಕರಣ ಒಳಗೊಳಗೇ ಮೂಡುತ್ತದೆ ಎಂಬುದು ಯೋಜನೆಯ ನಂಬಿಕೆಯಾಗಿತ್ತು. ಒಗಟು ಬಿಡಿಸುತ್ತ ಭಾಷೆ ಕಲಿತ ಜನಪದರಿಗೆ ಇದು ಹೊಸ ಮಾತಲ್ಲ. ಬಸ್ಸಿನ ಫಲಕ, ಔಷಧದ ಚೀಟಿ, ಕಾರ್ಖಾನೆಯ ಸುರಕ್ಷತಾ ಸೂಚನೆಗಳು ಮಾಕಳಿಯ ಮಗುವಿಗೆ ದಿನವೂ ಎದುರಾಗುವ ಪಠ್ಯಗಳು. ದಿನಕ್ಕೊಂದನ್ನು ಓದಿ ‘ಇದು ಯಾರಿಗೆ, ಏಕೆ ಹೇಳಿದ್ದು?’ ಎಂದು ಕೇಳಿಕೊಳ್ಳುವುದು ಅಪರಿಚಿತ ಗದ್ಯಕ್ಕೆ ಒಳ್ಳೆಯ ಸಿದ್ಧತೆ.

ಉಪಸಂಹಾರ

ಇಂಗ್ಲಿಷ್ ಕಲಿಕೆಯೆಂದರೆ ಕನ್ನಡವನ್ನು ಬಿಡುವುದೆಂಬ ಭಾವನೆ ಕನ್ನಡಪರರಲ್ಲೂ ಇಂಗ್ಲಿಷ್‌ಪರರಲ್ಲೂ ಇದೆ. ವಿ.ಕೃ. ಗೋಕಾಕರ ಉದಾಹರಣೆ ಇದನ್ನು ಸುಳ್ಳಾಗಿಸುತ್ತದೆ. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂಬ 1981ರ ವರದಿಗೆ ಅವರ ಹೆಸರಿದೆ. 1982ರ ಚಳವಳಿಗೂ ಅದೇ ಹೆಸರು. ಅದೇ ಗೋಕಾಕರು 1958ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಅವರು ಇಂಗ್ಲಿಷಿನಲ್ಲಿ ಬರೆದ ‘ದಿ ಸಾಂಗ್ ಆಫ್ ಇಂಡಿಯಾ’ ಕವಿತೆ ರಾಜ್ಯದ ಹತ್ತನೆಯ ತರಗತಿಯ ದ್ವಿತೀಯ ಭಾಷೆಯ ಪಠ್ಯದಲ್ಲಿ ಸೇರಿತು.

ಒಟ್ಟಿನಲ್ಲಿ, ಕನ್ನಡ ಮಾಧ್ಯಮದ ಮಗು ಇಂಗ್ಲಿಷ್ ಪರೀಕ್ಷೆಗೆ ಬರಿಗೈಯಲ್ಲಿ ಹೋಗುವುದಿಲ್ಲ. ಧ್ವನಿಯನ್ನು ಬಿಡಿಸಿ ತೋರುವ ಲಿಪಿ, ಕಾರ್ಖಾನೆಯಿಂದ ಮನೆಗೆ ಬಂದ ಪದಗಳು, ನುಡಿಗಟ್ಟನ್ನು ಹಿಡಿದು ಹೊಸದನ್ನು ಕಟ್ಟುವ ಮೌಖಿಕ ಪರಂಪರೆ ಅದರ ಬೆನ್ನಿಗಿವೆ. ಮಗ್ಗಿಯನ್ನು ಕಾಗುಣಿತಕ್ಕೆ ಉಳಿಸಿಕೊಂಡು, ವ್ಯಾಕರಣ ಮತ್ತು ಬರವಣಿಗೆಗೆ ಕಂಸಾಳೆಯ ಕ್ರಮವನ್ನು ಅಳವಡಿಸಿಕೊಂಡರೆ ಮಾರ್ಚ್ ತಿಂಗಳಲ್ಲಿ ಬರೆದ ಇಂಗ್ಲಿಷ್ ಜೂನ್ ತಿಂಗಳಲ್ಲಿ ಐ.ಟಿ.ಐ. ಅಥವಾ ಕಾಲೇಜಿನ ಬಾಗಿಲಲ್ಲಿಯೂ ಜೊತೆಗಿರುತ್ತದೆ. ಶಿಕ್ಷಣ ಮತ್ತು ಜಾನಪದ ಈ ಎರಡು ಕ್ಷೇತ್ರಗಳ ವಿದ್ವಾಂಸರು ಒಟ್ಟಾಗಿ ಕೈಗೊಳ್ಳಬೇಕಾದ ಕೆಲಸವಿದು.