ಕೃಶರ ಮಧುಮೇಹ

ಮಧುಮೇಹಿಯೆಂದರೆ ಸ್ಥೂಲಕಾಯನೆಂಬ ಭಾವನೆಯು ನಮ್ಮ ಜನರಲ್ಲಿ ಬೇರೂರಿದೆ. ರೋಗವು ಗೊತ್ತಾದೊಡನೆ ಅನ್ನವನ್ನು ಕಡಿಮೆಮಾಡಿ ಮೈಯಿಳಿಸಬೇಕೆಂಬ ಉಪದೇಶವು ನೆಂಟರಿಷ್ಟರೆಲ್ಲರಿಂದಲೂ ತಪ್ಪದೆ ಬರುವುದು. ಬಹುಮಂದಿಗೆ ಅದು ಹಿತವೇ ಸರಿ. ಆದರೆ ಎಳೆಯ ಪ್ರಾಯದಲ್ಲಿಯೇ, ಎಲುಬು ಕಾಣುವಂತೆ ಸೊರಗಿದ ದೇಹದಲ್ಲಿ, ರಕ್ತದ ಸಕ್ಕರೆಯು ವಿಪರೀತವಾಗಿ ಏರಿರುವ ರೋಗಿಗಳೂ ಉಂಟು. ಇವರಿಗೆ ಆ ಉಪದೇಶವು ವಿಷಪ್ರಾಯವಾದೀತು.

ಈ ಭೇದವು ನಮ್ಮ ಪ್ರಾಚೀನರಿಗೆ ತಿಳಿಯದುದಲ್ಲ. ಚರಕಸಂಹಿತೆಯು ಪ್ರಮೇಹಿಗಳಲ್ಲಿ ಸ್ಥೂಲನೂ ಬಲಿಷ್ಠನೂ ಆದವನೊಬ್ಬ, ಕೃಶನೂ ದುರ್ಬಲನೂ ಆದವನಿನ್ನೊಬ್ಬ ಎಂದು ವಿಂಗಡಿಸಿ, ಮೊದಲಿನವನಿಗೆ ಶೋಧನವನ್ನೂ ಎರಡನೆಯವನಿಗೆ ಬೃಂಹಣವನ್ನೂ, ಎಂದರೆ ಮೈತುಂಬಿಸುವ ಚಿಕಿತ್ಸೆಯನ್ನೂ, ವಿಧಿಸಿದೆ. ಪ್ರಮೇಹವೆಂಬ ಶಬ್ದದ ವ್ಯಾಪ್ತಿಯು ಇಂದಿನ ಮಧುಮೇಹಕ್ಕಿಂತ ವಿಶಾಲವಾದುದರಿಂದ ಎರಡನ್ನೂ ಒಂದೇ ಎನ್ನುವಂತಿಲ್ಲ. ಆದರೂ ಆ ವಿವೇಚನೆಯು ಗಮನಾರ್ಹವಾದುದು.

ಆಧುನಿಕ ವೈದ್ಯದಲ್ಲಿ ಪ್ರಸಿದ್ಧವಾದ ಪ್ರಭೇದಗಳು ಎರಡು. ಒಂದರಲ್ಲಿ ದೇಹದ ರಕ್ಷಣಾಶಕ್ತಿಯೇ ತಿರುಗಿಬಿದ್ದು ಇನ್ಸುಲಿನ್ ಸ್ರವಿಸುವ ಜೀವಕೋಶಗಳನ್ನು ನಾಶಮಾಡುವುದು. ಇನ್ನೊಂದರಲ್ಲಿ ಇನ್ಸುಲಿನ್ ಇದ್ದರೂ ಮೈಯು ಅದಕ್ಕೆ ಸರಿಯಾಗಿ ಮಣಿಯದು. ಈ ಎರಡಕ್ಕೂ ಸೇರದ ಕೆಲವು ರೋಗಿಗಳನ್ನು 1955ರಲ್ಲಿ ಹ್ಯೂ-ಜೋನ್ಸ್ ಎಂಬ ವೈದ್ಯನು ಜಮೈಕಾದಲ್ಲಿ ಗುರುತಿಸಿ, ಆ ದ್ವೀಪದ ಹೆಸರಿನ ಮೊದಲಕ್ಷರದಿಂದ ‘ಜೆ’ ಪ್ರಭೇದವೆಂದು ಕರೆದನು. ವಿಶ್ವ ಆರೋಗ್ಯ ಸಂಸ್ಥೆಯು 1985ರಲ್ಲಿ ನ್ಯೂನಪೋಷಣೆಯ ಮಧುಮೇಹಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟಿತು; ನ್ಯೂನಪೋಷಣೆಯೇ ಕಾರಣವೆಂಬುದಕ್ಕೆ ಸಾಕಷ್ಟು ಪ್ರಮಾಣವಿಲ್ಲವೆಂದು 1999ರಲ್ಲಿ ಅದನ್ನು ತೆಗೆದುಹಾಕಿತು. ಹೆಸರು ಹೋದುದರಿಂದ ರೋಗಿಗಳೇನೂ ಇಲ್ಲವಾಗಲಿಲ್ಲ! ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ವಿದ್ಯಾಲಯದವರು ನ್ಯೂಯಾರ್ಕಿನ ವಿದ್ವಾಂಸರೊಡಗೂಡಿ ಇಂತಹ ಕೃಶರನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಇವರ ಇನ್ಸುಲಿನ್ ಸ್ರಾವವು ಬಹಳ ಕುಗ್ಗಿರುವುದು. ಆದರೆ ಮೈಯು ಇನ್ಸುಲಿನ್ನಿಗೆ ಚೆನ್ನಾಗಿಯೇ ಮಣಿಯುವುದು, ಯಕೃತ್ತಿನಲ್ಲಿ ಕೊಬ್ಬೂ ಕಡಿಮೆ. 2025ರಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ಇದನ್ನು ‘ಐದನೆಯ ಪ್ರಭೇದ’ವೆಂದು ಅಂಗೀಕರಿಸಿತು. ಈ ನಾಮಕರಣವನ್ನು ಎಲ್ಲ ಪಂಡಿತರೂ ಒಪ್ಪಿರುವರೆಂದು ಹೇಳಲಾಗದು.

ಇದರ ಮುಖ್ಯ ಚಿಹ್ನೆಯೊಂದುಂಟು. ಮೊದಲನೆಯ ಪ್ರಭೇದದವನಿಗೆ ಇನ್ಸುಲಿನ್ ತಪ್ಪಿದರೆ, ಕೊಬ್ಬು ಕರಗಿ ಕೀಟೋನ್ ಆಮ್ಲಗಳು ರಕ್ತದಲ್ಲಿ ತುಂಬಿ, ಕೆಲವೇ ದಿನಗಳಲ್ಲಿ ಪ್ರಾಣಾಪಾಯವೊದಗುವುದು. ಇವರಲ್ಲಿ ಸಕ್ಕರೆಯು ಅಷ್ಟೇ ಏರಿದ್ದರೂ ಆ ವಿಪತ್ತು ಅಪರೂಪ. ಉಳಿದಿರುವ ಅಲ್ಪ ಇನ್ಸುಲಿನ್ನೇ ಕೊಬ್ಬಿನ ಕರಗುವಿಕೆಯನ್ನು ತಡೆಯುವುದೆಂದು ಊಹಿಸುವರು.

ಇದರೊಡನೆ ಬೆರಸಬಾರದ ಇನ್ನೊಂದು ರೋಗವಿದೆ. ಮೇದೋಜೀರಕಗ್ರಂಥಿಯ ನಾಳದಲ್ಲಿ ಸುಣ್ಣದ ಕಲ್ಲುಗಳು ಕಟ್ಟಿಕೊಂಡು, ಬಾಲ್ಯದಲ್ಲಿ ಹೊಟ್ಟೆಶೂಲೆಯೂ ಯೌವನದಲ್ಲಿ ಮಧುಮೇಹವೂ ತಲೆದೋರುವುವು. ಮಲದಲ್ಲಿ ಜಿಡ್ಡು ಹೋಗುವುದು. ಕೇರಳದಲ್ಲಿ ಇದು ಹೆಚ್ಚಾಗಿ ಕಂಡುಬಂದುದರಿಂದ ಅಲ್ಲಿಯ ಮರಗೆಣಸನ್ನು ದೂಷಿಸಿದರು. ಆದರೆ ಆ ಗೆಣಸನ್ನು ತಿನ್ನದ ಸೀಮೆಗಳಲ್ಲಿಯೂ ರೋಗವಿರುವುದರಿಂದ ಆ ವಾದವು ನಿಲ್ಲಲಿಲ್ಲ. ಹೊಟ್ಟೆಯ ಕ್ಷ-ಕಿರಣಚಿತ್ರದಲ್ಲಿ ಕಲ್ಲುಗಳು ಅನೇಕವೇಳೆ ಸ್ಪಷ್ಟವಾಗಿ ಕಾಣುತ್ತವೆ. ಇಂತಹವರಿಗೆ ಇನ್ಸುಲಿನ್ನಿನ ಜೊತೆಗೆ ಊಟದೊಡನೆ ಪಾಚಕರಸದ ಗುಳಿಗೆಗಳನ್ನೂ ಕೊಡಬೇಕಾಗುವುದು.

ಐದನೆಯ ಪ್ರಭೇದದ ಚಿಕಿತ್ಸಾಕ್ರಮವು ಇನ್ನೂ ಸ್ಥಿರಪಟ್ಟಿಲ್ಲ. ಬೇಳೆ, ಹಾಲು, ಮೊಟ್ಟೆ ಮುಂತಾದ ಪುಷ್ಟಿಕರ ಆಹಾರವನ್ನು ಹೆಚ್ಚಿಸಿ ದೇಹದ ತೂಕವನ್ನು ಏರಿಸುವುದು ಅವಶ್ಯಕವೆಂಬುದರಲ್ಲಿ ಸಂದೇಹವಿಲ್ಲ. ಉಪವಾಸವಂತೂ ಸಲ್ಲದು. ಇನ್ಸುಲಿನ್ ಬೇಕಾದಾಗ ಅಲ್ಪಪ್ರಮಾಣವೇ ಅನೇಕರಿಗೆ ಸಾಕಾದೀತು. ಮೊದಲನೆಯ ಪ್ರಭೇದವೆಂದು ಭ್ರಮಿಸಿ ಪೂರ್ಣಪ್ರಮಾಣವನ್ನು ಚುಚ್ಚಿದರೆ ಸಕ್ಕರೆಯು ಥಟ್ಟನೆ ಕುಸಿದು ರೋಗಿಯು ಮೂರ್ಛೆಹೋಗಬಹುದು. ಕೂಲಿ ದೊರೆತ ದಿನ ಉಂಡು, ದೊರೆಯದ ದಿನ ಹಸಿದಿರುವವನಿಗೆ ಈ ಅಪಾಯವು ಇಮ್ಮಡಿ. ಆದುದರಿಂದ ವೈದ್ಯನು ಔಷಧದ ಪ್ರಮಾಣವನ್ನು ಬರೆಯುವ ಮೊದಲು, ರಾತ್ರಿಯ ಊಟವು ಪ್ರತಿದಿನವೂ ಖಂಡಿತವಾಗಿ ದೊರೆಯುವುದೇ ಎಂದು ರೋಗಿಯನ್ನು ವಿಚಾರಿಸಿ ತಿಳಿಯಬೇಕು.