ಸ್ಥಿರಗಳ ಘೋಷಣೆ ಮತ್ತು ಗೃಹೀತದ ಹೊಣೆ

ಗಣಕಯಂತ್ರಗಳ ವ್ಯವಸ್ಥೆಯೊಂದನ್ನು ಕಟ್ಟುವುದಕ್ಕೆ ಮುನ್ನ ಅದರ ನಡವಳಿಕೆಯನ್ನು ಗಣಿತದ ಭಾಷೆಯಲ್ಲಿ ನಿರೂಪಿಸಿ ಪರೀಕ್ಷಿಸುವ ಪದ್ಧತಿಯುಂಟು. ಅಮೆರಿಕದ ವಿದ್ವಾಂಸರಾದ ಲೆಸ್ಲಿ ಲ್ಯಾಂಪೋರ್ಟರು ಇದಕ್ಕಾಗಿ ರೂಪಿಸಿದ ಭಾಷೆಯೇ ಟಿಎಲ್‌ಎ ಪ್ಲಸ್. 2002ರಲ್ಲಿ ಅವರು ಇದನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಈ ಭಾಷೆಯಲ್ಲಿ ಸ್ಥಿರಗಳನ್ನು ಘೋಷಿಸುವ ಕ್ರಮವನ್ನು ಇಲ್ಲಿ ವಿವೇಚಿಸುತ್ತೇವೆ.

ನಿರೂಪಣೆಯ ಆರಂಭದಲ್ಲಿ ‘ಕಾನ್‌ಸ್ಟಂಟ್’ ಎಂಬ ಪದದ ಮುಂದೆ ಬರೆದ ಹೆಸರುಗಳು ಸ್ಥಿರಗಳು. ‘ವೇರಿಯಬಲ್’ ಎಂಬುದರ ಮುಂದೆ ಬರೆದವು ಚರಗಳು. ಚರದ ಬೆಲೆ ಹೆಜ್ಜೆಹೆಜ್ಜೆಗೂ ಬದಲಾಗಬಹುದು. ಸ್ಥಿರದ ಬೆಲೆ ಬದಲಾಗದು. ಆದರೆ ಆ ಬೆಲೆ ಎಷ್ಟೆಂಬುದನ್ನು ಘೋಷಣೆಯು ತಿಳಿಸುವುದಿಲ್ಲ. ಆದುದರಿಂದಲೇ ಒಂದೇ ನಿರೂಪಣೆಯು ಮೂರು ಯಂತ್ರಗಳಿಗೂ ಮೂವತ್ತಕ್ಕೂ ಸಲ್ಲುತ್ತದೆ.

ಲ್ಯಾಂಪೋರ್ಟರ ‘ಪ್ಯಾಕ್ಸೋಸ್’ ವಿಧಾನವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. 1998ರಲ್ಲಿ ಅಚ್ಚಾದ ಲೇಖನದಲ್ಲಿ ಅವರು ಇದನ್ನು ಅದೇ ಹೆಸರಿನ ಗ್ರೀಕ್ ದ್ವೀಪದ ಪ್ರಾಚೀನ ಶಾಸನಸಭೆಯೊಂದರ ಕಲ್ಪಿತ ಇತಿಹಾಸವಾಗಿ ಬರೆದುದು ಇತಿಹಾಸದ ಅಭ್ಯಾಸಿಗಳಾದ ನಮಗೆ ಕುತೂಹಲಕರವಾಗಿದೆ. ಕೆಲವು ಯಂತ್ರಗಳು ಕೆಟ್ಟರೂ ಎರಡು ಭಿನ್ನ ನಿರ್ಣಯಗಳು ಆಗಕೂಡದೆಂಬುದು ಇದರ ಗುರಿ. ಇಲ್ಲಿ ಮತ ನೀಡುವ ಸದಸ್ಯರ ಗಣವೂ ಕೋರಂಗಳ ಗಣವೂ ಸ್ಥಿರಗಳು.

ಆದರೆ ಹೆಸರನ್ನು ಘೋಷಿಸಿದ ಮಾತ್ರಕ್ಕೆ ಸಾಲದು. ನಾಲ್ವರಲ್ಲಿ ಯಾವ ಇಬ್ಬರಾದರೂ ಕೋರಂ ಎನಿಸುವುದಾದರೆ, ಇಬ್ಬರು ಒಂದು ನಿರ್ಣಯವನ್ನೂ ಉಳಿದಿಬ್ಬರು ಮತ್ತೊಂದನ್ನೂ ಅಂಗೀಕರಿಸಬಹುದು. ಸಭೆ ಒಂದು, ನಿರ್ಣಯ ಎರಡು! ಇದನ್ನು ತಡೆಯಲು ‘ಅಸ್ಯೂಮ್’ ಎಂಬ ಪದದೊಡನೆ ಒಂದು ಗೃಹೀತವನ್ನು ಬರೆಯುತ್ತಾರೆ: ಯಾವ ಎರಡು ಕೋರಂಗಳಿಗಾದರೂ ಒಬ್ಬ ಸದಸ್ಯನಾದರೂ ಸಮಾನವಾಗಿರತಕ್ಕದ್ದು. ಮೂವರಲ್ಲಿ ಇಬ್ಬರು ಕೋರಂ ಎಂದರೆ ಈ ನಿಯಮವು ನೆರವೇರುತ್ತದೆ.

‘ಟಿಎಲ್‌ಸಿ’ ಎಂಬ ಪರೀಕ್ಷಕವು ವ್ಯವಸ್ಥೆಯ ಸ್ಥಿತಿಗಳನ್ನು ಒಂದೊಂದಾಗಿ ಶೋಧಿಸುವುದರಿಂದ ಅದಕ್ಕೆ ನಿರ್ದಿಷ್ಟವಾದ ಬೆಲೆಗಳು ಬೇಕು. ಇವನ್ನು ನಿರೂಪಣೆಯ ಹೊರಗೆ, ಬೇರೊಂದು ಕಡತದಲ್ಲಿ ಕೊಡುತ್ತಾರೆ. ಕೊಟ್ಟ ಬೆಲೆಗಳು ಗೃಹೀತಕ್ಕೆ ವಿರುದ್ಧವಾದರೆ ಪರೀಕ್ಷಕವು ದೋಷವೆಂದು ತಿಳಿಸುತ್ತದೆ.

ಇಲ್ಲಿ ಒಂದು ಅಂತರವನ್ನು ವಿದ್ಯಾರ್ಥಿಗಳು ಮರೆಯಬಾರದು. ಮೂವರು ಸದಸ್ಯರನ್ನಿಟ್ಟು ನಡೆಸಿದ ಪರೀಕ್ಷೆಯಿಂದ ಸಿದ್ಧವಾಗುವುದು ಮೂವರ ಮಾತು ಮಾತ್ರ. ಐವರಿಗೂ ಐನೂರಕ್ಕೂ ಅದು ಸಲ್ಲಬೇಕಾದರೆ ಗಣಿತದ ಸಾಧನೆಯೇ ಬೇಕು. ಆ ಸಾಧನೆಗೆ ಸ್ಥಿರಗಳ ವಿಷಯದಲ್ಲಿ ಆಧಾರವಾಗುವುದು ಬರೆದಿಟ್ಟ ಗೃಹೀತವೇ. ಬರೆಯದೆ ಮನಸ್ಸಿನಲ್ಲಿಟ್ಟುಕೊಂಡ ಷರತ್ತು ಯಂತ್ರಕ್ಕೂ ತಿಳಿಯದು, ಮುಂದಿನ ಓದುಗನಿಗೂ ತಿಳಿಯದು. ಬೆಲೆಯನ್ನು ಹೇಳದಿರುವ ಸ್ವಾತಂತ್ರ್ಯವನ್ನು ಪಡೆದವನು ಷರತ್ತನ್ನು ಹೇಳುವ ಹೊಣೆಯನ್ನೂ ಹೊರಬೇಕಾಗುತ್ತದೆ.